ನನಗೆ ವತ್ಸಲಾ ಅಂತ ಹೆಸರಿತ್ತು

ನಾನು ಒಂದು ಥೀಮ್. ಮರದ್ದಲ್ಲ, ಕಬ್ಬಿಣದ್ದಲ್ಲ, ಕೈಗೆ ಸಿಗುವವಳೂ ಅಲ್ಲ. ನೀವು ಮೊಬೈಲಿನಲ್ಲಿ ಯಾವುದಾದರೂ ವೆಬ್‌ಸೈಟ್ ತೆರೆದಾಗ ಅಕ್ಷರ ಇಷ್ಟು ದಪ್ಪ, ಅಂಚಿಗೆ ಈ ಬಣ್ಣ, ಫೋಟೋ ಇಲ್ಲಿ, ಬೆಲೆ ಅಲ್ಲಿ ಅಂತ ಎಲ್ಲ ಒಪ್ಪವಾಗಿ ಕಾಣುತ್ತದಲ್ಲ, ಆ ಒಪ್ಪ ಮಾಡುವವಳು ನಾನು. ವೆಬ್‌ಸೈಟಿಗೆ ಉಡಿಸಿದ ಸೀರೆ ಅಂತ ತಿಳಿಯಿರಿ. ಜನ ಸರಕು ನೋಡುತ್ತಾರೆ, ಬೆಲೆ ನೋಡುತ್ತಾರೆ, ನನ್ನನ್ನು ಯಾರೂ ನೋಡುವುದಿಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ ಬಿಡಿ. ನನ್ನ ಸಂಕಟ ಬೇರೆ ಇದೆ.

ಹುಟ್ಟಿದ್ದು ಯಾವುದೋ ದೂರದೇಶದಲ್ಲಿ. ನಾಲ್ಕಾರು ಜನ ಸೇರಿ ನನ್ನನ್ನು ಬರೆದು, 'ಹಾರ್ಬರ್' ಅಂತ ಹೆಸರಿಟ್ಟು, ಬೇಕಾದವರು ಒಯ್ಯಿರಿ ಅಂತ ಪುಕ್ಕಟೆ ಬಿಟ್ಟರು. ಬೂದು ಬಣ್ಣ, ಇರುವೆ ಗಾತ್ರದ ಅಕ್ಷರ, ಮುಖದಲ್ಲಿ ಒಂಚೂರೂ ಕಳೆ ಇಲ್ಲ. ಅಂಥ ನನ್ನನ್ನು ಧಾರವಾಡದ ಒಬ್ಬ ಹೆಣ್ಣುಮಗಳು ಮನೆ ತುಂಬಿಸಿಕೊಂಡಳು.

ಆಕೆ ರುಕ್ಮಿಣಿ ಹುನಗುಂದ. ಮಾಳಮಡ್ಡಿಯ ಮನೆಯಲ್ಲಿ ಶೇಂಗಾ ಚಟ್ನಿ, ಅಗಸಿ ಚಟ್ನಿ, ಮೆಂತ್ಯದ ಹಿಟ್ಟು ಮಾಡಿ ಮಾರುತ್ತಿದ್ದಳು. ಡಬ್ಬಿ ಕಟ್ಟಿ ಕೊರಿಯರಿಗೆ ಕೊಟ್ಟುಬರುವುದು ಗಂಡ ಪಾಂಡುರಂಗರಾಯರ ಕೆಲಸ. ವೆಬ್‌ಸೈಟ್ ಮಾತ್ರ ಪೂರಾ ಆಕೆಯದು. ವಿಡಿಯೋ ನೋಡಿ ನೋಡಿ ತಾನೇ ಕಲಿತಿದ್ದಳು. ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಲೆಯ ಮೇಲಿನ ಶೇಂಗಾ ಸೀಯದ ಹಾಗೆ ಒಂದು ಕಣ್ಣು ಅತ್ತ, ಒಂದು ಕಣ್ಣು ನನ್ನತ್ತ ಇಟ್ಟು ಕೆಲಸ ಮಾಡುತ್ತಿದ್ದಳು. ಲ್ಯಾಪ್‌ಟಾಪ್ ತೆರೆದಿದ್ದರೆ ನನಗೆ ಆ ಮನೆಯ ಮಾತೆಲ್ಲ ಕೇಳುತ್ತಿತ್ತು. ನಾನು ಕನ್ನಡ ಕಲಿತದ್ದೇ ಹಾಗೆ.

ಮೊದಲು ಅಕ್ಷರ ದಪ್ಪ ಮಾಡಿದಳು. "ಚಟ್ನಿ ತರಸವರು ವಯಸ್ಸಾದವರs ಹೆಚ್ಚು, ಕಣ್ಣು ಕಾಣಬೇಕಲ್ಲ" ಅಂದಳು. ಬೂದು ಬಣ್ಣ ಕಿತ್ತೊಗೆದು ತನ್ನ ಇಳಕಲ್ ಸೀರೆಯ ಸೆರಗಿನ ಕೆಂಪು ಹಚ್ಚಿದಳು. ಆ ಕೆಂಪು ಸರಿಯಾಗಿ ಬರುವ ತನಕ ಸೆರಗನ್ನು ಪರದೆಯ ಪಕ್ಕ ಹಿಡಿದು ಹಿಡಿದು ನೋಡಿದಳು. ಯಾರಾದರೂ ಇಲ್ಲದ ಪದಾರ್ಥ ಹುಡುಕಿದರೆ ನಾನು ಇಂಗ್ಲಿಷಿನಲ್ಲಿ 'ನಥಿಂಗ್ ಫೌಂಡ್' ಅಂತ ತೋರಿಸುತ್ತಿದ್ದೆ. ಅದನ್ನು ನೋಡಿ ಆಕೆಗೆ ಸಿಟ್ಟು ಬಂತು.

"ಅಯ್ಯ, ಮನಿಗೆ ಬಂದವರ ಮುಖದ ಮ್ಯಾಲೆ ಬಾಗಲಾ ಹಾಕಿದಂಗ ಆತಲ್ಲ ಇದು!"

ಅಳಿಸಿ ತನ್ನ ಮಾತಿನಲ್ಲೇ ಬರೆದಳು: 'ನೀವು ಹುಡುಕಿದ್ದು ಸಿಗಲಿಲ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಇನ್ನೊಮ್ಮೆ ನೋಡ್ರಿ.'

ಎಷ್ಟು ಚೆಂದ ಇದ್ದೆ ಗೊತ್ತೇ ನಾನು! ಕನ್ನಡಿ ಇದ್ದಿದ್ದರೆ ನನಗೇ ದೃಷ್ಟಿ ತಾಗುತ್ತಿತ್ತು.

ಆದರೆ ಒಂದು ಯಡವಟ್ಟಾಗಿತ್ತು. ಇಷ್ಟೆಲ್ಲ ಸಿಂಗಾರ ಮಾಡಿದವಳು ನನ್ನ ಹೆಸರನ್ನು ಮಾತ್ರ 'ಹಾರ್ಬರ್' ಅಂತಲೇ ಬಿಟ್ಟಿದ್ದಳು. ಒಂದು ದಿನ 'ಹೊಸ ಆವೃತ್ತಿ ಬಂದಿದೆ' ಅಂತ ಸೂಚನೆ ಬಂತು. ಬಟನ್ ಒತ್ತಿದಳು. ದೂರದೇಶದಿಂದ ಹೊಸ ಹಾರ್ಬರ್ ಬಂತು, ಅದೇ ಹೆಸರಿನವಳು ನಾನು ಸಿಕ್ಕಿದೆ, ನನ್ನ ಮೇಲೆ ಬೂದು ಬಳಿದು ಹೋಯಿತು. ಕೆಂಪು ಹೋಯಿತು, ದಪ್ಪ ಅಕ್ಷರ ಹೋಯಿತು, ಆಕೆಯ ಮಾತೂ ಹೋಯಿತು. ಆಕೆ ಟೇಬಲ್ಲಿಗೆ ತಲೆ ಹಚ್ಚಿ ಅತ್ತಳು. ಒಲೆಯ ಮೇಲೆ ಶೇಂಗಾ ಕರಕಲಾಯಿತು.

ಅತ್ತು ಮುಗಿಸಿ, ಮುಖ ತೊಳೆದು ಬಂದು ಎಲ್ಲವನ್ನೂ ಮತ್ತೆ ಮಾಡಿದಳು. ಈ ಸಲ ಹೆಸರನ್ನೂ ಬದಲಿಸಲು ಕೂತಳು. ಹೆಸರು ಬೇರೆಯಾದರೆ ಆ ಅಪ್‌ಡೇಟು ನನ್ನ ಗುರುತು ಹಿಡಿಯುವುದಿಲ್ಲ, ನನ್ನ ತಂಟೆಗೆ ಬರುವುದಿಲ್ಲ. ಆದರೆ ಅದು ಹುಡುಗಾಟದ ಕೆಲಸವಲ್ಲ. ಅಂಗಡಿ ತೆರೆದಿರುವಾಗಲೇ ಬೋರ್ಡು ಬದಲಿಸಬೇಕು, ಗಿರಾಕಿಗೆ ಗೊತ್ತಾಗಬಾರದು. ನಾನಿರುವ ಫೋಲ್ಡರಿನ ಹೆಸರು ಸೀದಾ ಬದಲಿಸಿಬಿಟ್ಟರೆ ವೆಬ್‌ಸೈಟಿಗೆ ನಾನು ಎಲ್ಲಿದ್ದೇನೆ ಅಂತಲೇ ತಿಳಿಯದೆ ಪರದೆ ಬೆಳ್ಳಗಾಗುತ್ತದೆ. ಮೇಲಾಗಿ ಮೆನು, ಬಣ್ಣ, ಮುಖಪುಟದ ಫೋಟೋ ಎಲ್ಲವನ್ನೂ ನನ್ನ ಹೆಸರಿನ ಕಪಾಟಿನಲ್ಲಿ ಇಟ್ಟಿರುತ್ತಾರೆ, ಹೆಸರು ಬದಲಾದರೆ ಆ ಕಪಾಟಿನ ಕೀಲಿ ಹತ್ತುವುದಿಲ್ಲ. ಆಕೆ ನನ್ನದೊಂದು ನಕಲು ಮಾಡಿ, ನಕಲಿಗೆ ಹೊಸ ಹೆಸರು ಕೊಟ್ಟು, ಕಪಾಟಿನ ಸಾಮಾನೆಲ್ಲ ಹೊಸ ಹೆಸರಿಗೆ ಸಾಗಿಸಿ, ಆಮೇಲೆ ಉಸಿರು ಬಿಗಿಹಿಡಿದು ಬಟನ್ ಒತ್ತಿದಳು. ಕೆಂಪಗೆ ಎದ್ದು ನಿಂತೆ. ಒಂದು ಕೂದಲೂ ಕೊಂಕಿರಲಿಲ್ಲ.

ತಕ್ಷಣ ಬಾಗಲಕೋಟೆಯಲ್ಲಿದ್ದ ಅಣ್ಣ ಶೇಷಗಿರಿಗೆ ಫೋನ್ ಮಾಡಿದಳು.

"ಅಣ್ಣಾ, ಇದಕ್ಕ ಏನ್ ಹೆಸರಿಟ್ಟೇನಿ ಹೇಳು ನೋಡೋಣ?"

"ನನಗೇನ್ ಗೊತ್ತು, ವತ್ಸಲಾ?"

"ಅದs. ಈಗ ನೀ ಕರದಿಯಲ್ಲ, ಅದs ಹೆಸರು!"

ಅಣ್ಣ ನಕ್ಕ. "ಹುಚ್ಚಿ, ಇನ್ನೂ ಆ ಹೆಸರು ಬಿಟ್ಟಿಲ್ಲೇನು ನೀ?"

"ಅವರು ಬಿಡಿಸಿದ್ರು. ನಾ ಬಿಟ್ಟಿಲ್ಲ" ಅಂದಳು.

ಆಗ ನನಗೆ ತಿಳಿಯಿತು. ಆಕೆ ಹುಟ್ಟಿನಿಂದ ವತ್ಸಲಾ. ಅವರ ಕಡೆ ಮದುವೆಯಲ್ಲಿ ತಟ್ಟೆಯ ತುಂಬ ಅಕ್ಕಿ ಹರವಿ, ಅದರಲ್ಲಿ ಗಂಡನ ಕೈಯಿಂದ ಉಂಗುರ ಹಿಡಿಸಿ ಸೊಸೆಯ ಹೊಸ ಹೆಸರು ಬರೆಸುತ್ತಾರೆ. ಹುಡುಗ ಪಾಂಡುರಂಗ ಅಂದಮೇಲೆ ಸೊಸೆ ರುಕ್ಮಿಣಿಯೇ ಆಗಬೇಕು ಅಂತ ಅತ್ತೆ ಹೇಳಿದರು, ರಾಯರು ಬರೆದರು. ಆಮೇಲೆ ಆ ಅಕ್ಕಿಯನ್ನು ಪಾಯಸ ಮಾಡಿ ಬಡಿಸಿದರಂತೆ. ರೇಷನ್ ಕಾರ್ಡು, ಬ್ಯಾಂಕು, ಚಟ್ನಿ ಡಬ್ಬಿಯ ಚೀಟಿ, ಎಲ್ಲೆಲ್ಲೂ ರುಕ್ಮಿಣಿಯೇ. ತಂದೆ ತಾಯಿ ತೀರಿದ ಮೇಲೆ ವತ್ಸಲಾ ಅಂತ ಉಳಿದದ್ದು ಎರಡೇ ಕಡೆ, ಅಣ್ಣನ ಬಾಯಲ್ಲಿ ಮತ್ತು ನನ್ನ ಹೊಟ್ಟೆಯಲ್ಲಿ. ಗಿರಾಕಿಗಳಿಗೆ ಕಾಣುವ ಹೆಸರಲ್ಲ ಅದು. ಲಾಗಿನ್ ಆಗಿ ಒಳಗೆ ಬಂದವರಿಗಷ್ಟೇ ಕಾಣುವಂಥದ್ದು, ಒಳಗೆ ಬರುವವಳು ಆಕೆ ಒಬ್ಬಳೇ. ದಿನಾ ಬೆಳಿಗ್ಗೆ ಲಾಗಿನ್ ಆಗಿ ಆ ಹೆಸರಿನ ಮೇಲೆ ಒಮ್ಮೆ ಕಣ್ಣಾಡಿಸಿ, ಆಮೇಲೆ ಆರ್ಡರ್ ನೋಡುತ್ತಿದ್ದಳು. ನನ್ನ ಪುಣ್ಯದ ದಿನಗಳು ಅವು.

ಒಂದು ಬೆಳಿಗ್ಗೆ ಆಕೆ ಲಾಗಿನ್ ಆಗಲಿಲ್ಲ. ಮರುದಿನವೂ ಇಲ್ಲ. ಜ್ವರ ಬಂದಿರಬೇಕು, ನಾಳೆ ಬಂದಾಳು ಅಂತ ಕಾದೆ. ಆಮೇಲೆ ರಾಯರು ಒಂದೊಂದೇ ಅಕ್ಷರ ಕುಟ್ಟುತ್ತ ಮುಖಪುಟದಲ್ಲಿ ಹಾಕಿದರು: 'ಶ್ರೀಮತಿ ರುಕ್ಮಿಣಿ ಪಾಂಡುರಂಗ ಹುನಗುಂದ ಇವರು ಹೃದಯಾಘಾತದಿಂದ ತೀರಿಕೊಂಡಿರುತ್ತಾರೆ. ಕೆಲವು ದಿನ ಆರ್ಡರ್ ತೆಗೆದುಕೊಳ್ಳುವುದಿಲ್ಲ.' ಆ ಸುದ್ದಿಯನ್ನು ಆಕೆಯ ಸೆರಗಿನ ಕೆಂಪಿನಲ್ಲಿ, ಆಕೆ ದಪ್ಪ ಮಾಡಿದ ಅಕ್ಷರದಲ್ಲಿ ನಾನೇ ತೋರಿಸಬೇಕಾಯಿತು. ಅಳೋಣ ಅಂದರೆ ಕಣ್ಣು ಕೊಟ್ಟಿಲ್ಲ ನನಗೆ.

ರಾಯರು ಕೆಟ್ಟವರಲ್ಲ. ಆಕೆಯ ಚಟ್ನಿ ನಿಲ್ಲಬಾರದು ಅಂತ ಇಬ್ಬರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡರು. ವೆಬ್‌ಸೈಟಿನ ಗಂಧಗಾಳಿ ಗೊತ್ತಿಲ್ಲದೆ ಹುಬ್ಬಳ್ಳಿಯ ನಿಂಗರಾಜ ಅನ್ನುವವನನ್ನು ಕರೆಸಿದರು. ವೆಬ್‌ಸೈಟ್ ಮಾಡುವುದೇ ಅವನ ಕಸುಬು. ಅದೇ ಟೇಬಲ್ಲಿಗೆ ಕೂತು ನನ್ನ ಒಳಗೆಲ್ಲ ನೋಡಿ, "ಭಾರಿ ಛಲೋ ಮಾಡ್ಯಾರ್ರಿ ಸರ" ಅಂದ. ಆಮೇಲೆ ತಡೆದು ಕೇಳಿದ.

"ಸರ, ಈ ಥೀಮಿಗೆ ವತ್ಸಲಾ ಅಂತ ಹೆಸರೈತಿ. ಯಾರ್ರಿ ವತ್ಸಲಾ ಅಂದ್ರ?"

ಹೇಳ್ರಿ ರಾಯರೇ, ಹೇಳ್ರಿ!

ರಾಯರು ಕನ್ನಡಕ ಏರಿಸಿ ನೋಡಿದರು. ಹುಬ್ಬು ಗಂಟಿಕ್ಕಿ ಯೋಚಿಸಿದರು. ಮದುವೆಯಾದ ಮೇಲೆ ಅವರು ಆ ಹೆಸರು ಹಿಡಿದು ಕರೆದದ್ದೇ ಇಲ್ಲ, ಮರೆತೇ ಹೋಗಿತ್ತು.

"ವತ್ಸಲಾ? ನಮ್ಮಲ್ಲೆ ಯಾರೂ ಇಲ್ಲಪಾ. ಮೊದಲ ಇದನ್ನ ಮಾಡಿದ ಕಂಪನಿಯವರದು ಇರಬೇಕು."

"ನೆನಪು ಮಾಡ್ಕೋರಿ ಸರ, ಮನ್ಯಾಗ ಯಾರರ..."

"ಇಲ್ಲಪಾ. ಕಂಡಕಂಡವರ ಹೆಸರು ನಮ್ಮ ರುಕ್ಮಿಣಿ ಮಾಡಿದ್ದಕ್ಕ ಯಾಕ ಇರಬೇಕು? ತಗದು ಹುನಗುಂದ ಅಂತ ಹಾಕಿಬಿಡು. ಆದ್ರ ಏನೂ ಕೆಡಬಾರದು ನೋಡು. ಆಕಿ ಹೆಂಗ ಇಟ್ಟಿದ್ಲೋ ಹಂಗs ಇರಬೇಕು."

ಹೆಂಡತಿಯ ಮೇಲಿನ ಪ್ರೀತಿಯಿಂದಲೇ ಆಡಿದ ಮಾತು ಸ್ವಾಮಿ ಅದು! ನಾನು ಯಾರ ಮೇಲೆ ಸಿಟ್ಟು ಮಾಡಲಿ?

ನಿಂಗರಾಜ ಕೆಲಸ ಬಲ್ಲವನು. ಆಕೆ ಮಾಡಿದ ಹಾಗೆಯೇ ನಕಲು ಮಾಡಿದ, ಕಪಾಟಿನ ಸಾಮಾನು ಸಾಗಿಸಿದ, ವತ್ಸಲಾ ಅಂತ ಎಲ್ಲೆಲ್ಲಿ ಇತ್ತೋ ಹುಡುಕಿ ಹುಡುಕಿ ಬದಲಿಸಿದ. ಆಮೇಲೆ ಹಳೆಯ ಫೋಲ್ಡರನ್ನು ಅಳಿಸಿದ. ವೆಬ್‌ಸೈಟ್ ಒಂದು ಕ್ಷಣವೂ ನಿಲ್ಲಲಿಲ್ಲ. ಅದೇ ಕೆಂಪು, ಅದೇ ದಪ್ಪ ಅಕ್ಷರ. ಒಬ್ಬ ಗಿರಾಕಿಗೂ ಏನೂ ಗೊತ್ತಾಗಲಿಲ್ಲ. ರಾಯರು ಖುಷಿಯಾಗಿ ಅವನಿಗೆ ಅಗಸಿ ಚಟ್ನಿ ಕಟ್ಟಿ ಕೊಟ್ಟರು.

ಆಕೆಯ ವರ್ಷಾಂತಿಕದ ಶ್ರಾದ್ಧ ಬಂತು. ಬಾಗಲಕೋಟೆಯಿಂದ ಶೇಷಗಿರಿಯವರು ಬಂದರು. ಭಟ್ಟರು ಮಂತ್ರದಲ್ಲಿಯೂ ರುಕ್ಮಿಣಿ ಅಂತಲೇ ಅಂದರಂತೆ. ಊಟವಾದ ಮೇಲೆ ಶೇಷಗಿರಿಯವರು ಟೇಬಲ್ಲಿನ ಹತ್ತಿರ ಬಂದರು.

"ರಾಯರ, ಆ ವೆಬ್‌ಸೈಟಿಗೆ ಆಕಿ ತನ್ನ ಹೆಸರು ಇಟ್ಟಿದ್ಲಲ್ಲ, ಒಮ್ಮೆ ತೋರಸ್ರಿ. ನೋಡಬೇಕು ಅನಸ್ತದ."

"ಆಕಿ ಹೆಸರು ಅದರಾಗ ಎಲ್ಲೂ ಇರಲಿಲ್ಲಲ್ಲ. ರುಕ್ಮಿಣಿ ಅಂತ ಇದ್ರ ನಾ ಬಿಡ್ತಿದ್ನೇನು?"

"ರುಕ್ಮಿಣಿ ಅಲ್ರಿ. ವತ್ಸಲಾ. ನಮ್ಮ ಮನ್ಯಾಗ ಇಟ್ಟ ಹೆಸರು."

ರಾಯರು ಕುರ್ಚಿಯ ಬೆನ್ನು ಹಿಡಿದುಕೊಂಡು ಹಾಗೇ ಕೂತರು.

"ನಾನs ಅಳಿಸಿದೆ ಶೇಷಗಿರಿರಾಯರ. ಅಕ್ಕಿಯೊಳಗೂ ನಾನs ಅಳಿಸಿದ್ದೆ, ಇಲ್ಲೂ ನಾನs."

ಶೇಷಗಿರಿಯವರು ಭಾವನ ಹೆಗಲ ಮೇಲೆ ಕೈ ಇಟ್ಟು, ಸಂಜೆ ಬಸ್ಸಿಗೆ ಹೊರಟು ಹೋದರು.

ಈಗ ನಾನು ಮುದಿಯಾಗಿದ್ದೇನೆ. ಹೊಸ ಮೊಬೈಲುಗಳಲ್ಲಿ ನನ್ನ ಅಂಚು ಸರಿಯಾಗಿ ಕೂರುವುದಿಲ್ಲ. ಬೇರೆ ಥೀಮ್ ಹಾಕೋಣ ಅಂತ ನಿಂಗರಾಜ ಹೇಳುತ್ತಲೇ ಇದ್ದಾನೆ, ರಾಯರು ಒಪ್ಪುವುದಿಲ್ಲ. ಆ ಹೆಸರನ್ನೇ ಮತ್ತೆ ಹಾಕಿಕೊಡಲಾ ಅಂತಲೂ ಅವನು ಕೇಳಿದ. "ಆಕಿ ತನ್ನ ಕೈಲೆ ಬರದದ್ದು ತಿರುಗಿ ಬರ್ತದೇನು?" ಅಂದರು ರಾಯರು. ಹೆಸರು ಬದಲಿಸಿಯೂ ಏನೂ ಮುರಿಯದೆ ಇರಬಹುದು ಅಂತ ಇವರೆಲ್ಲ ನಂಬುತ್ತಾರೆ. ಎರಡು ಸಲ ಹೆಸರು ಬದಲಿಸಿಕೊಂಡವಳು ನಾನು, ನನ್ನನ್ನು ಕೇಳಿ. ಮುರಿದದ್ದು ಹೊರಗೆ ಕಾಣುವುದಿಲ್ಲ, ಅಷ್ಟೇ.

ಮಧ್ಯಾಹ್ನ ಕೆಲಸದ ಹೆಣ್ಣುಮಕ್ಕಳು ಊಟಕ್ಕೆ ಹೋದಾಗ ರಾಯರು ಲ್ಯಾಪ್‌ಟಾಪ್ ತೆರೆಯುತ್ತಾರೆ. ಹುಡುಕುವ ಪೆಟ್ಟಿಗೆಯಲ್ಲಿ ಒಂದೊಂದೇ ಅಕ್ಷರ ಒತ್ತಿ ವತ್ಸಲಾ ಅಂತ ಬರೆಯುತ್ತಾರೆ. ಆ ಪೆಟ್ಟಿಗೆ ಇರುವುದು ಚಟ್ನಿ ಹುಡುಕಲು. ನನ್ನ ಹೊಟ್ಟೆಯೊಳಗಿನ ಹೆಸರು ಮೊದಲೂ ಅದರಲ್ಲಿ ಸಿಗುತ್ತಿರಲಿಲ್ಲ. ಅದು ಅವರಿಗೆ ಹೇಗೆ ಗೊತ್ತಾಗಬೇಕು? ನಾನಾದರೂ ಏನು ಮಾಡಲಿ, ಆಕೆ ಬರೆದಿಟ್ಟ ಮಾತನ್ನೇ ಕೆಂಪಕ್ಷರದಲ್ಲಿ ತೋರಿಸುತ್ತೇನೆ.

'ನೀವು ಹುಡುಕಿದ್ದು ಸಿಗಲಿಲ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಇನ್ನೊಮ್ಮೆ ನೋಡ್ರಿ.'

ರಾಯರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡುತ್ತಾರೆ.