ನಾಲ್ಕನೆಯ ನಟ್ಟು

ನಲವತ್ತಡಿ ಮೇಲೆ ಹತ್ತಿದವನಿಗೆ ಕೆಳಗೆ ನಿಂತವರೆಲ್ಲ ಬುದ್ಧಿ ಹೇಳುತ್ತಾರೆ. ಹಳ್ಳಿಮನೆಗಳಿಗೆ ಇಂಟರ್‌ನೆಟ್ ಟವರ್ ನಿಲ್ಲಿಸುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಆ ಉಪದೇಶ ಕೇಳಿ ಕೇಳಿ ಸಾಕಾಗಿದೆ. ನಾನು ಕಿವಿಗೊಡುತ್ತಿದ್ದದ್ದು ಒಂದೇ ದನಿಗೆ.

ಟವರಿನ ತುದಿಯಲ್ಲಿ ಕೂರಿಸಿದ ಡಿಶ್ಶನ್ನು ಗುಡ್ಡದ ಮೇಲಿನ ದೊಡ್ಡ ಟವರಿನತ್ತ ಕೂದಲೆಳೆಯಷ್ಟೇ ತಿರುಗಿಸುತ್ತ ಹೋಗಬೇಕು. ಸಿಗ್ನಲ್ ಎಷ್ಟೆಂದು ನನಗೆ ಕಾಣದು. ಆಫೀಸಿನ ಮೇಡಂ ಪರದೆ ನೋಡಿ ಫೋನಿನಲ್ಲಿ ಹೇಳುತ್ತಿದ್ದರು: "ಎಂಬತ್ತು... ಎಪ್ಪತ್ತೆರಡು... ಇನ್ನೂ ಇಳೀಲಿ." ಅಂಕಿ ಇಳಿದಷ್ಟೂ ಸಿಗ್ನಲ್ ಜೋರು; ಅರವತ್ತಕ್ಕೆ ಇಳಿದರೆ ನಾಲ್ಕು ನಟ್ಟು ಬಿಗಿದು ನಾನೂ ಇಳಿಯುವುದು. ಅವರ ಮುಖ ಕಂಡವನಲ್ಲ. ಚಮಚದಿಂದ ಲೋಟ ಕಲಕುವ ಸದ್ದು ಗೊತ್ತು, "ಊಟ ಆಯ್ತಾ?" ಎಂದು ಕೇಳುವುದು ಗೊತ್ತು. ಬೇರೆ ಯಾರೂ ಕೇಳುವುದಿಲ್ಲ. ನನ್ನ ಕೋಣೆಗೆ ಹೋದರೆ ಬಾಗಿಲ ಬೀಗವೇ ಬಾ ಅನ್ನಬೇಕು.

ಹೊಸ ಯಂತ್ರ ಬಂತು. ಇನ್ನು ಅಂಕಿ ನನ್ನ ಮೊಬೈಲಿನಲ್ಲೇ ಕಾಣುತ್ತದಂತೆ. ಮೇಡಂ ಅವರನ್ನು ದೂರದ ಶಾಖೆಗೆ ಹಾಕಿದರು. ಅವರ ಕೊನೆಯ ದಿನ ಒಬ್ಬ ನಿವೃತ್ತ ಮೇಷ್ಟರ ಮನೆಯ ಟವರ್ ಹತ್ತಿದೆ, ಇಳಿಯುವುದರೊಳಗೆ ಮೇಡಂ ಅವರ ಸ್ವಂತ ನಂಬರ್ ಕೇಳಿಬಿಡಬೇಕೆಂದು.

"ಅರವತ್ತು. ಬಂತು!"

ಡಿಶ್ಶನ್ನು ಮೆಲ್ಲಗೆ ಆಚೆ ನೂಕಿದೆ.

"ಅಯ್ಯೋ, ಎಪ್ಪತ್ತೈದು! ಕೈ ಜಾರ್ತಾ?"

"ಗಾಳಿ ಮೇಡಂ."

ಎಲೆ ಅಲುಗುತ್ತಿರಲಿಲ್ಲ. ಮೂರು ಸಲ ಅರವತ್ತಕ್ಕೆ ತಂದೆ, ಮೂರು ಸಲ ಕೆಡಿಸಿದೆ. "ನೆಟ್ ಬಂದು ಬಂದು ಹೋಗ್ತಿದೆಯಲ್ರೀ!" ಎಂದು ಮೇಷ್ಟರು ಕೆಳಗೆ ಕೂಗಾಡತೊಡಗಿದರು. ಕೊನೆಗೆ ನಟ್ಟು ಬಿಗಿಯಲು ಶುರುಮಾಡಿದೆ.

"ನಿಧಾನಕ್ಕೆ ಬಿಗೀರಿ. ನಾನು ಫೋನ್ ಇಡಲ್ಲ," ಎಂದರು ಮೇಡಂ.

ಒಂದು. ಎರಡು. ಮೂರು. ನಾಲ್ಕನೆಯದನ್ನು ಬಿಗಿದು, ಸಡಿಲಿಸಿ, ಮತ್ತೆ ಬಿಗಿದೆ.

"ಇನ್ನೇನಾದ್ರೂ ಹೇಳೋದಿತ್ತಾ?"

ನಂಬರ್ ಕೇಳಲೆಂದೇ ಬಾಯಿ ತೆರೆದೆ. "ಟವರ್ ಬೀಳದ ಹಾಗೆ ಕಟ್ಟಿದ ಎಳೆತಂತಿ ಎಲ್ಲಾ ಗಟ್ಟಿಯಾಗಿದೆ ಮೇಡಂ."

ಆ ಕಡೆ ಚಮಚ ಲೋಟದಲ್ಲಿ ಒಂದು ಸುತ್ತು ತಿರುಗಿತು. "ಸರಿ. ಹುಷಾರಾಗಿ ಇಳೀರಿ," ಎಂದು ಫೋನ್ ಇಟ್ಟರು. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಮರುದಿನ ಬೇರೆ ಮನೆ. ಅರ್ಧ ಗಂಟೆಯ ಕೆಲಸ ಮೊಬೈಲ್ ನೋಡಿಕೊಂಡು ಐದು ನಿಮಿಷಕ್ಕೆ ಮುಗಿಯಿತು.

"ಅರವತ್ತು ಮೇಡಂ," ಎಂದುಬಿಟ್ಟೆ.

ಕೆಳಗಿನಿಂದ ಮನೆಯಾಕೆ ಕೇಳಿದರು, "ಯಾರ ಹತ್ರ ಮಾತಾಡ್ತಿದೀರಿ?"

"ಯಾರ ಹತ್ರಾನೂ ಇಲ್ಲಮ್ಮ," ಎಂದೆ. ಊಟ ಆಗಿರಲಿಲ್ಲ.