ಸುಮ್ಮನೆ ಕೂರುವ ಗುಂಪು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಟೇಪಕ್ಕ ಎಂದೇ ಕರೆಯುತ್ತಿದ್ದರು. ಬಂದ ಮೊದಲ ದಿನವೇ ಕೊರಳಿಗೆ ಅಳತೆ ಟೇಪು ಹಾಕಿಕೊಂಡು, ಒಬ್ಬರನ್ನೂ ಬಿಡದೆ ಮೂವತ್ತೆರಡು ಜನರ ಸೊಂಟ ಅಳೆದು ಬರೆದುಕೊಂಡಿದ್ದಳು. ಒಂದು ಕಾಲದಲ್ಲಿ ಹರ್ಡಲ್ಸ್ ಓಡುತ್ತಿದ್ದವಳು. ಮೊಣಕಾಲು ಕೈಕೊಟ್ಟಿತು ಎಂದು ಅವಳು ಹೇಳಿದರೆ ಕೇಳಿದವರು ಒಂದು ಕ್ಷಣ ತಡೆದು ನಗುತ್ತಿದ್ದರು. ಆಮೇಲೆ ಅವಳು ಓಟ ಬಿಟ್ಟು, ವ್ಯಾಯಾಮ ಮಾಡುವವರ ಮೈಯೊಳಗೆ ಏನೇನು ನಡೆಯುತ್ತದೆ ಎಂಬುದನ್ನು ಓದಲು ಹೋದಳು. ಈಗ ಪಿಎಚ್‌ಡಿಯ ಮೂರನೇ ವರ್ಷ.

ಓಟಗಾರರನ್ನು ಅಳೆದವರು ಬೇಕಾದಷ್ಟು ಜನ ಇದ್ದರು. ಇವಳಿಗೆ ಬೇಕಾಗಿದ್ದವರು ದಿನವಿಡೀ ನಿಂತೇ ದುಡಿಯುವವರು. ಊಟವಾದ ಕೂಡಲೇ ಕಾಲು ಗಂಟೆ ಮೈಕೈ ಚಾಚುವ ವ್ಯಾಯಾಮ ಮಾಡಿದರೆ ಹನ್ನೆರಡು ವಾರದಲ್ಲಿ ಬಿಗಿದ ಮೈ ಎಷ್ಟು ಸಡಿಲವಾಗುತ್ತದೆ, ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆ ಸ್ವಲ್ಪವಾದರೂ ಇಳಿಯುತ್ತದೆಯೇ ಎಂಬುದು ಅವಳ ಪ್ರಶ್ನೆ. ಲಾಂಡ್ರಿಗೆ ದಾರಿ ಮಾಡಿಕೊಟ್ಟವರು ಅವಳ ಸೋದರತ್ತೆ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದು ಈಗ ಸೂಪರ್‌ವೈಸರ್ ಆಗಿದ್ದರು. ಅವರು ಹ್ಞೂಂ ಅಂದರೆ ಅಲ್ಲಿ ಎಲ್ಲರೂ ಹ್ಞೂಂ ಅಂದ ಹಾಗೆ.

ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಚೀಟಿ ಹಾಕಿ ಎತ್ತಿದರು. ಹದಿನಾರು ಜನ ವ್ಯಾಯಾಮ ಮಾಡುವ ಗುಂಪು. ಉಳಿದ ಹದಿನಾರು ಜನ ಎಂದಿನಂತೆ ಇರಬೇಕು, ಅವರ ಅಳತೆ ಮಾತ್ರ ತೆಗೆದುಕೊಳ್ಳುವುದು. ಲಾಂಡ್ರಿಯವರು ಅದಕ್ಕೆ ಸುಮ್ಮನೆ ಕೂರುವ ಗುಂಪು ಎಂದು ಹೆಸರಿಟ್ಟರು. ಅತ್ತೆಯ ಚೀಟಿ ಬಂದದ್ದು ಅದರಲ್ಲೇ. ಅತ್ತೆಯ ಮುಖ ಸಪ್ಪಗಾಯಿತು. ಆ ವರ್ಷ ಅವರ ರಕ್ತ ನೋಡಿದ ಡಾಕ್ಟರು, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, ಒಳಗೆ ಕರೆಯಬೇಡಿ ಎಂದಿದ್ದರು. ಆ ವಿಷಯ ಟೇಪಕ್ಕನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಅತ್ತೆಯ ಹೆಸರನ್ನು ವ್ಯಾಯಾಮದ ಕಡೆ ಹಾಕಿಬಿಡೋಣವೇ ಎಂದು ಅವಳಿಗೂ ಒಂದು ಸಲ ಅನ್ನಿಸಿತು. ಆದರೆ ಚೀಟಿ ಚೀಟಿಯೇ ಎಂದು ಮನಸ್ಸು ಗಟ್ಟಿಮಾಡಿಕೊಂಡಳು.

ಆರು ವಾರ ಕಳೆದು ಮಧ್ಯದ ಅಳತೆಯ ದಿನ ಬಂತು. ಮರದ ಪೆಟ್ಟಿಗೆಯೊಂದಕ್ಕೆ ಅಂಗಾಲು ಒತ್ತಿ, ಕಾಲು ನೀಡಿ ಕೂತು, ಬೆರಳ ತುದಿಯಿಂದ ಮೇಲಿನ ಪಟ್ಟಿಯನ್ನು ಎಷ್ಟು ದೂರ ತಳ್ಳುತ್ತಾರೆಂದು ನೋಡುವುದು. ವ್ಯಾಯಾಮದ ಗುಂಪಿನವರು ಮೊದಲಿಗಿಂತ ನಾಲ್ಕು ಸೆಂಟಿ ಮುಂದೆ ಹೋಗಿದ್ದರು. ಅವಳಿಗೆ ಖುಷಿಯಾಯಿತು. ಸುಮ್ಮನೆ ಕೂರುವ ಗುಂಪಿನವರು ಬಂದರು. ಅವರೂ ನಾಲ್ಕು ಸೆಂಟಿ ಮುಂದೆ ಹೋಗಿದ್ದರು. ಬಾಯ್ಲರ್ ನೋಡಿಕೊಳ್ಳುವವನಿಗೆ ಅಲ್ಲಿ ಬಾಯ್ಲರ್ ಎಂದೇ ಅಡ್ಡಹೆಸರು. ಮೊದಲ ಸಲ ಪೆಟ್ಟಿಗೆಯ ಅಂಚೂ ಮುಟ್ಟದಿದ್ದ ಆ ದಪ್ಪ ಮನುಷ್ಯ ಈಗ ಪಟ್ಟಿಯನ್ನು ಏಳು ಸೆಂಟಿ ತಳ್ಳಿ, ಏನೂ ಆಗದವನಂತೆ ಎದ್ದುಹೋದ.

ಟೇಪಕ್ಕ ಪೆಟ್ಟಿಗೆಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದಳು. ಸರಿಯಾಗಿತ್ತು. ತಾನೇ ತಪ್ಪು ಓದಿದೆನೇನೋ ಎಂದು ನಾಲ್ವರನ್ನು ಮತ್ತೆ ಕೂರಿಸಿದಳು. ಅದೇ ಅಳತೆ. ನೀವೇನಾದರೂ ಬೇರೆ ಮಾಡುತ್ತಿದ್ದೀರಾ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಇಲ್ಲವಲ್ಲ, ಸುಮ್ಮನೆ ಕೂತಿದ್ದೇವೆ ಎಂದು ಎಲ್ಲರೂ ಹಾಲು ಕುಡಿದ ಮಗುವಿನ ಮುಖ ಮಾಡಿಕೊಂಡು ಹೇಳಿದರು. ಸೆಕೆಗೆ ಮೈ ಹಿಗ್ಗಿರಬೇಕು ಎಂದು ಬಾಯ್ಲರ್ ತನ್ನ ಅಭಿಪ್ರಾಯವನ್ನೂ ಸೇರಿಸಿದ.

ಎರಡು ದಿನ ಅವಳಿಗೆ ಸರಿಯಾಗಿ ಊಟ ಸೇರಲಿಲ್ಲ. ಮೂರನೇ ದಿನ, ಲಾಂಡ್ರಿಯಲ್ಲಿ ಮರೆತುಬಂದಿದ್ದ ಸಕ್ಕರೆ ಪರೀಕ್ಷೆಯ ಪಟ್ಟಿಗಳ ಡಬ್ಬಿ ತರಲು, ಹೇಳದೆ ಕೇಳದೆ ಮಧ್ಯಾಹ್ನ ಒಂದೂಕಾಲಿಗೆ ಅಲ್ಲಿಗೆ ಹೋದಳು. ಊಟದ ಮೇಜಿನ ಸುತ್ತ ಯಾರೂ ಇರಲಿಲ್ಲ. ಹಾಸಿಗೆ ಬಟ್ಟೆ ಒತ್ತುವ ಯಂತ್ರದ ಆಚೆಯಿಂದ ಅತ್ತೆಯ ದನಿ ಕೇಳಿಸಿತು. ಎಣಿಸುತ್ತಿದ್ದರು. ಬಗ್ಗಿ ನೋಡಿದರೆ ಮೂವತ್ತೆರಡು ಜನವೂ ಒಂದೊಂದು ಕಾಲನ್ನು ಬೋರಲು ಹಾಕಿದ ಟಬ್ಬುಗಳ ಮೇಲಿಟ್ಟು ಮುಂದಕ್ಕೆ ಬಾಗಿದ್ದಾರೆ. ಮುಂದೆ ನಿಂತವರು ಅತ್ತೆ. ಬಾಯ್ಲರ್ ಕಣ್ಣುಮುಚ್ಚಿ ಬೇರೆಯೇ ಲೋಕದಲ್ಲಿದ್ದ. ಇಪ್ಪತ್ತಾರು ಎನ್ನುವಾಗ ಅತ್ತೆಯ ಕಣ್ಣು ಸೊಸೆಯ ಮೇಲೆ ಬಿತ್ತು. ಆದರೂ ಮೂವತ್ತರವರೆಗೆ ಎಣಿಸಿಯೇ ಕಾಲು ಇಳಿಸಿದರು.

"ಅತ್ತೆ, ನೀವು ಸುಮ್ಮನೆ ಕೂರಬೇಕಿತ್ತು."

"ಒಂದು ವಾರ ಕೂತೆ ಕಣೆ. ಎದುರಿಗೇ ಹದಿನಾರು ಜನ ಕೈಕಾಲು ಚಾಚ್ತಾ ಇದ್ರೆ, ಗೋಡೆ ಮೇಲಿನ ಹಲ್ಲಿ ಥರ ನೋಡ್ತಾ ಕೂರೋಕಾಗುತ್ತಾ? ನಾನು ಎದ್ದೆ. ನಾನು ಎದ್ದ ಮೇಲೆ ಇವರೂ ಎದ್ರು."

ಟೇಪಕ್ಕ ಅಲ್ಲೇ ಒಂದು ಟಬ್ಬಿನ ಮೇಲೆ ಕುಸಿದು ಕೂತಳು. ಎರಡೂ ಗುಂಪಿನವರು ಒಂದೇ ಕೆಲಸ ಮಾಡಿದರೆ ಯಾವುದರಿಂದ ಏನಾಯಿತೆಂದು ಹೇಳುವುದು ಹೇಗೆ, ಆರು ವಾರದ ಕೆಲಸ ಮಣ್ಣುಪಾಲಾಯಿತಲ್ಲ ಎಂದು ಬಿಡಿಸಿ ಹೇಳಿದಳು. ಅತ್ತೆಯ ಮುಖ ಇಳಿಯಿತು. ಅದೃಷ್ಟ ಇಲ್ಲದವರನ್ನು ಎರಡನೇ ಗುಂಪಿಗೆ ಹಾಕಿದ್ದಾರೆ ಎಂದಷ್ಟೇ ಅವರು ತಿಳಿದಿದ್ದರು. ಆ ಗುಂಪಿಗೂ ಒಂದು ಕೆಲಸ ಇದೆ ಎನ್ನುವುದು ಅವರಿಗೆ ಗೊತ್ತಾದದ್ದು ಈಗ.

"ಕೂರಿ ಅಂದೆ, ಸರಿ. ಯಾಕೆ ಕೂರಬೇಕು ಅಂತ ನಮಗೆ ಅರ್ಥ ಆಗೋ ಹಾಗೆ ಹೇಳಿದ್ಯಾ?" ಎಂದು ಕೇಳಿದರು. ಅವಳು ಹೇಳಿರಲಿಲ್ಲ. ಒಪ್ಪಿಗೆ ಪತ್ರವನ್ನು ಮೊದಲ ದಿನ ಒಂದೇ ಉಸಿರಿಗೆ ಓದಿ ಸಹಿ ಹಾಕಿಸಿಕೊಂಡಿದ್ದಳು.

ಗೈಡಿಗೆ ಹೇಳಲೇಬೇಕಿತ್ತು. ಬೈಗುಳ ಕೇಳಲು ಸಿದ್ಧಳಾಗಿ ಹೋದಳು. ಆ ಹಿರಿಯರು ಟಬ್ಬಿನ ವಿಷಯ ಬರುವವರೆಗೆ ಗಂಭೀರವಾಗಿದ್ದರು. ಬಾಯ್ಲರ್ ಕಣ್ಣುಮುಚ್ಚಿದ್ದನ್ನು ಕೇಳಿ ಕನ್ನಡಕ ತೆಗೆದಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ತಪ್ಪು ಅವರದ್ದಲ್ಲಮ್ಮ. ಒಂದೇ ಮೇಜಲ್ಲಿ ಉಣ್ಣೋರ ಮಧ್ಯೆ ಗೆರೆ ಎಳೆದವಳು ನೀನು, ಅದಕ್ಕೆ ತಲೆಯಾಡಿಸಿದವನು ನಾನು. ಅವರು ಅದನ್ನ ಅಳಿಸಿದಾರೆ, ಅಷ್ಟೆ."

ನಡೆದದ್ದನ್ನು ನಡೆದಂತೆಯೇ ಪ್ರಬಂಧದಲ್ಲಿ ಬರೆಯಬೇಕು, ಒಂದಕ್ಷರವೂ ಮುಚ್ಚಿಡಬಾರದು ಎಂದರು. ಈ ಲಾಂಡ್ರಿಯವರು ಎರಡು ತಿಂಗಳು ವ್ಯಾಯಾಮ ಪೂರ್ತಿ ನಿಲ್ಲಿಸಲಿ, ಮೈ ಮೊದಲಿನಂತಾಗಲಿ. ಆಮೇಲೆ ಇಡೀ ಲಾಂಡ್ರಿ ಒಂದು ಗುಂಪು. ಬೇರೆ ಎಲ್ಲಾದರೂ ಇನ್ನೊಂದು ಇಡೀ ಲಾಂಡ್ರಿ ಹುಡುಕಿ ಅದನ್ನು ಎರಡನೇ ಗುಂಪು ಮಾಡು ಎಂದರು.

ಇನ್ನೊಂದು ಲಾಂಡ್ರಿಯನ್ನು ಹುಡುಕಿದವರೂ ಅತ್ತೆಯೇ. ಊರಿನ ಆ ತುದಿಯ ಆಸ್ಪತ್ರೆಯಲ್ಲಿ ಅವರ ಹಳೇ ಗೆಳತಿ ಸೂಪರ್‌ವೈಸರ್ ಆಗಿದ್ದರು. ಅತ್ತೆ ರಜೆ ಹಾಕಿ, ಎರಡು ಬಸ್ಸು ಬದಲಾಯಿಸಿ ಅಲ್ಲಿಗೆ ಹೋದರು. ನೀವು ಹೊಸದಾಗಿ ಏನೂ ಮಾಡದೆ ಇರುವುದೇ ದೊಡ್ಡ ಉಪಕಾರ, ಯಾಕೆಂದರೆ ನೀವಿಲ್ಲದೆ ನಮ್ಮದು ಎಷ್ಟು ಬದಲಾಯಿತೆಂದು ಗೊತ್ತಾಗುವುದಿಲ್ಲ ಎಂದು ಅವರಿಗೆ ತಿಳಿಸಿ ಹೇಳಿದರು. ಹನ್ನೆರಡು ವಾರ ಮುಗಿದ ಮೇಲೆ ನಿಮ್ಮ ಸರದಿ, ಕಲಿಸಲು ನಾನೇ ಬರುತ್ತೇನೆ ಎಂದು ಮಾತೂ ಕೊಟ್ಟರು. ಬಸ್ ಸ್ಟಾಪಿಗೆ ನಡೆದುಹೋಗಬಹುದೇ ಎಂದು ಒಬ್ಬರು ಭಯದಿಂದ ಕೇಳಿದರಂತೆ. ಒಟ್ಟು ಇಪ್ಪತ್ತೆಂಟು ಜನ ಒಪ್ಪಿದರು.

ನಿಜವಾದ ಕಷ್ಟ ಸುರುವಾದದ್ದು ವ್ಯಾಯಾಮ ನಿಲ್ಲಿಸಿದ ಆ ಎರಡು ತಿಂಗಳಲ್ಲಿ. ಊಟ ಮುಗಿದದ್ದೇ ಲಾಂಡ್ರಿಯವರ ಕಾಲುಗಳು ತಾವಾಗಿಯೇ ಟಬ್ಬು ಹುಡುಕುತ್ತಿದ್ದವು. ಅತ್ತೆ ಟಬ್ಬುಗಳನ್ನೆಲ್ಲ ಸ್ಟೋರಿನೊಳಗೆ ಹಾಕಿ ಬೀಗ ಜಡಿದರು. ಒಂದು ದಿನ ಬಟ್ಟೆ ಒತ್ತುವ ಯಂತ್ರದ ಹಿಂದೆ ಅಡಗಿ ಕಾಲ್ಬೆರಳು ಮುಟ್ಟುತ್ತಿದ್ದ ಬಾಯ್ಲರ್ ಅತ್ತೆಯ ಕೈಗೆ ಸಿಕ್ಕಿಬಿದ್ದ. ಬಿದ್ದ ಸ್ಕ್ರೂ ಹುಡುಕುತ್ತಿದ್ದೆ ಎಂದ. ಯಾವ ಸ್ಕ್ರೂ, ತೋರಿಸು ಎಂದು ಅತ್ತೆ ಪಟ್ಟು ಹಿಡಿದಾಗ ತಪ್ಪೊಪ್ಪಿಕೊಂಡ. ಅತ್ತೆ ಅದನ್ನೂ ಟೇಪಕ್ಕನಿಗೆ ವರದಿ ಮಾಡಿದರು.

ಆ ಮೇಲಿನ ಹನ್ನೆರಡು ವಾರ ಎಲ್ಲೂ ತಪ್ಪಲಿಲ್ಲ. ಅತ್ತೆಯ ಲಾಂಡ್ರಿಯವರು ಸರಾಸರಿ ಐದು ಸೆಂಟಿ ಮುಂದೆ ಹೋದರು. ಆಚೆಯವರು ಇದ್ದಲ್ಲೇ ಇದ್ದರು. ಊಟದ ನಂತರದ ಸಕ್ಕರೆಯೂ ಇವರಲ್ಲಿ ಸ್ವಲ್ಪ ಇಳಿದಿತ್ತು. ಮೊದಲೇ ಹೆಚ್ಚಿದ್ದವರಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಇಳಿದಿತ್ತು. ಟೇಪಕ್ಕ ಊಟದ ಮೇಜಿನ ಮುಂದೆ ನಿಂತು ಇದನ್ನೆಲ್ಲ ಸಾವಧಾನವಾಗಿ ಬಿಡಿಸಿ ಹೇಳಿದಳು. ಇದು ಪವಾಡ ಅಲ್ಲ, ಮಾತ್ರೆ ತಗೊಳ್ಳುವವರು ಬಿಡಬಾರದು, ಆದರೆ ಸಣ್ಣ ಲಾಭ ನಿಜವಾಗಿಯೂ ಇದೆ ಎಂದಳು. ಯಾರಿಗೂ ಬೇಜಾರಾದಂತೆ ಕಾಣಲಿಲ್ಲ. ಅತ್ತೆ ತಮ್ಮ ಅಳತೆಗಳನ್ನು ಬರೆದುಕೊಟ್ಟಿದ್ದ ಚೀಟಿಯನ್ನು ಎರಡು ಸಲ ಓದಿ, ಮಡಿಸಿ, ಬ್ಯಾಗಿನ ಒಳಜೇಬಿಗೆ ಹಾಕಿಕೊಂಡರು. ಅವರ ಹೆಸರೂ ಸಕ್ಕರೆ ಇಳಿದವರ ಪಟ್ಟಿಯಲ್ಲಿತ್ತು.

ಮುಂದಿನ ಸೋಮವಾರ ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿ ಆಚೆಯ ಲಾಂಡ್ರಿಗೆ ಹೋದರು. ಇಪ್ಪತ್ತೆಂಟರಲ್ಲಿ ಇಪ್ಪತ್ತಾರು ಜನ ಆಗಲೇ ಊಟ ಮುಗಿಸಿ, ಕುರ್ಚಿಗಳನ್ನು ಗೋಡೆಗೆ ಒತ್ತರಿಸಿ ಕಾಯುತ್ತಿದ್ದರು. ವಯಸ್ಸಾದ ಇಸ್ತ್ರಿಯವರೊಬ್ಬರು ಮುಂದೆ ಬಂದು, ತಮ್ಮ ಪ್ಯಾಂಟು ಇಷ್ಟಕ್ಕೆಲ್ಲ ಒಪ್ಪುತ್ತದೋ ಇಲ್ಲವೋ ಎಂದು ಮೆಲ್ಲಗೆ ಕೇಳಿದರು.

"ಇವತ್ತು ಎಷ್ಟಾಗುತ್ತೋ ಅಷ್ಟೇ ಬಗ್ಗಿ ಅಣ್ಣ," ಎಂದರು ಅತ್ತೆ. "ನಾಳೆ ಸಡಿಲ ಇರೋದು ಹಾಕ್ಕೊಂಡು ಬನ್ನಿ."

ಅವರು ಹಿಂದಿನ ಸಾಲಿಗೆ ಹೋಗಿ, ಒಂದು ಕೈಯಿಂದ ಬೆಲ್ಟು ಹಿಡಿದುಕೊಂಡು ನಿಂತರು. ಅತ್ತೆ ಒಂದರಿಂದ ಎಣಿಸಲು ಸುರುಮಾಡಿದರು.