ನಡುವಿನ ಎರಡು ಮಗ್ಗಲು

"ಸಿಕ್ತಲೇ ದಾವಲ್ಯಾ, ಸಿಕ್ತು," ಎಂದು ಶಟ್ಟೆಪ್ಪ ಫೋನು ಕಿವಿಗಿಟ್ಟವನೇ ಕೂಗಿದ.

ಸವದತ್ತಿಯ ಲಕ್ಷ್ಮಣನ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಕೂಲರುಗಳ ಸಂದಿಯಲ್ಲಿ ಅವನು ಕುಕ್ಕರಗಾಲಲ್ಲಿ ಕುಳಿತಿದ್ದ. ತೊಡೆಯ ಮೇಲೆ ಒಂದು ಹಳೆಯ ಗ್ರಾಮಫೋನ್ ರಿಕಾರ್ಡು. ಅಂಗಿಯ ಚುಂಗಿನಿಂದ ಧೂಳು ಒರೆಸಿದಾಗ ನಡುವಿನ ಹಳದಿ ಚೀಟಿಯ ಮೇಲೆ ಎರಡು ಎಂಬ ಅಂಕಿ ಕಂಡಿತ್ತು, ತಿರುವಿದರೆ ಮೂರು. ಅದೇ ಹೊತ್ತಿಗೆ ದಾವಲಸಾಬನ ನಂಬರಿನಿಂದ ಫೋನು ಬಂದಿತ್ತು. ಮೊಣಕಾಲು ನೋವಿನಿಂದ ಮನೆಯಲ್ಲೇ ಉಳಿದು ತನ್ನನ್ನು ಕಳಿಸಿದ ಗೆಳೆಯ ತಡೆಯಲಾಗದೆ ಫೋನು ಮಾಡಿದ್ದಾನೆ ಅಂದುಕೊಂಡ ಶಟ್ಟೆಪ್ಪ.

ಆಚೆಯಿಂದ ಮಾತಾಡಿದವಳು ದಾವಲಸಾಬನ ಮಗಳು ಶಬನಮ್. "ಕಾಕಾ, ಅಬ್ಬಾ ಹೋದ್ರು. ಚಾ ಕುಡದು ಕಪ್ ಇಡಾಕ ಹತ್ತಿದ್ರು, ಹಂಗ ಒರಗಿದ್ರು. ಮಧ್ಯಾನ್ನದ ಝೋಹರ್ ನಮಾಜ್ ಆದಮ್ಯಾಲ ಮಣ್ಣ ಕೊಡತಾರ. ಲಗೂನ ಬರ್ರಿ."

ಬರತೇನಿ ಅಂದ. ಆದರೆ ಸಿಕ್ಕ ಖುಷಿ ಇನ್ನೂ ಮುಖದ ಮೇಲೇ ಇತ್ತು, ಅದನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ಲಕ್ಷ್ಮಣ ಎದ್ದು ಬಂದ.

"ನಗಾಕ ಹತ್ತೀರೋ ಅಳಾಕ ಹತ್ತೀರೋ ಕಾಕಾ?"

"ಎರಡೂ ಕೂಡೇ ಬಂದಾವಪ್ಪ," ಎಂದು ಶಟ್ಟೆಪ್ಪ ರಿಕಾರ್ಡನ್ನು ರಟ್ಟಿನ ಹೊದಿಕೆಗೆ ಸೇರಿಸಿ, ಅಂಗಿಯೊಳಗೆ ಎದೆಗೆ ಅವಚಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ.

ಬೈಲಹೊಂಗಲದ ಬಸ್ಸಿನಲ್ಲಿ ಸೀಟಿದ್ದರೂ ಕೂಡಲಿಲ್ಲ. ಕೂತರೆ ರಿಕಾರ್ಡು ಬಾಗೀತು. "ಎದಿ ನೋವೇನ್ರಿ ಅಜ್ಜಾ, ಕುಂತ್ರಿ," ಎಂದಳು ಪಕ್ಕದ ಹೆಂಗಸು. ನೋವೂ ಇತ್ತು. ಆದರೆ ಸಾವಿನ ಮನೆಗೆ ಹೊರಟವನ ಎದೆ ಹೀಗೆ ಲಗ್ನಕ್ಕೆ ಹೊರಟವರ ಎದೆಯ ಹಾಗೆ ಹಾರಬಾರದು ಎಂದು ಅವನಿಗೇ ನಾಚಿಕೆಯಾಯಿತು.

* * *

ದಾವಲಸಾಬ ಲಾರಿ ಡ್ರೈವರ್, ಶಟ್ಟೆಪ್ಪ ಅವನ ಕ್ಲೀನರ್. ಹತ್ತಿ ಹೇರಿ ಮುಂಬಯಿಗೆ, ಬೆಲ್ಲ ಹೇರಿ ಗೋವೆಗೆ. ಒಂದು ಸಲ ಪಣಜಿಯ ಹೋಟೆಲೊಂದರ ಹಿತ್ತಲಲ್ಲಿ ಬೆಲ್ಲ ಇಳಿಸುವಾಗ ಒಳಗಿನಿಂದ ಒಂದು ನಾದ ಬಂತು. ಇಣುಕಿ ನೋಡಿದರೆ, ಕೋಟು ತೊಟ್ಟ ಗೋವೆಯವನೊಬ್ಬ ಲೋಹದ ಪಟ್ಟಿಗಳ ಸಾಲಿನ ಮುಂದೆ ನಿಂತು, ನೂಲು ಸುತ್ತಿದ ಕೋಲುಗಳಿಂದ ಬಾರಿಸುತ್ತಿದ್ದ. ಪಟ್ಟಿಗಳ ಕೆಳಗೆ ಕೊಳವೆ, ಕೊಳವೆಯ ಬಾಯಲ್ಲಿ ಮೋಟಾರಿನಿಂದ ತಿರುಗುವ ಬಿಲ್ಲೆ. ಬಾರಿಸಿದ ಸ್ವರ ಥಟ್ಟನೆ ನಿಲ್ಲದೆ, ಕೆರೆಗೆ ಕಲ್ಲು ಬಿದ್ದ ಹಾಗೆ ಅಲೆಯಲೆಯಾಗಿ ಹೋಗುತ್ತಿತ್ತು. ಅಡುಗೆಯವನನ್ನು ಕೇಳಿದರೆ ವಾದ್ಯ ವೈಬ್ರಾಫೋನ್, ಸಂಗೀತ ಜಾಝ್ ಅಂದ.

"ಮೋಟಾರ್ ಐತಿ ಅಂದಮ್ಯಾಲ ನಮ್ಮ ಪೈಕೀದ ಬಿಡಲೇ ಇದು," ಅಂದ ದಾವಲಸಾಬ.

ಅವತ್ತು ಹತ್ತಿದ ಹುಚ್ಚು ಇಳಿಯಲೇ ಇಲ್ಲ. ಹಳೇ ಸಾಮಾನಿನ ಬಜಾರು ಕಂಡರೆ ಸಾಕು, ಲಾರಿ ತಾನಾಗಿಯೇ ನಿಲ್ಲುತ್ತಿತ್ತು. ಸಿಕ್ಕ ರಿಕಾರ್ಡುಗಳಿಗೆ ದಾವಲಸಾಬ ಕ್ಯಾಬಿನ್ನಿನಲ್ಲಿದ್ದ ಒಂದೇ ಚಾದರ ಹೊದಿಸುತ್ತಿದ್ದ. ಕ್ಲೀನರ್ ಚಳಿಗೆ ನಡುಗಿದರೆ ನಡುಗಲಿ. ಹಾದಿಯಲ್ಲಿ ಬೇಸರವಾದರೆ ನಟ್ಟು ತಿರುವುವ ಪಾನಾಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಹಗ್ಗಕ್ಕೆ ತೂಗುಹಾಕಿ ಬಾರಿಸುತ್ತಿದ್ದ. ಅವನದೊಂದು ನೇಮವಿತ್ತು. ಹೊಸ ರಿಕಾರ್ಡು ಸಿಕ್ಕ ದಿನವೇ ಕೇಳಬೇಕು, ಕೇಳದೆ ಮಲಗಬಾರದು. ಜ್ವರವಿರಲಿ, ಮನೆ ತುಂಬ ನಂಟರಿರಲಿ.

ಆ ಗೋವೆಯವನದೇ ಒಂದು ರಿಕಾರ್ಡು ಮುಂಬಯಿಯಲ್ಲಿ ಸಿಕ್ಕಿತು. ಮೊದಲ ಮಗ್ಗಲಲ್ಲಿ ನಿಧಾನ ಎದ್ದ ವಾದನ, ತಿರುವಿ ಹಾಕಿದರೆ ಒಮ್ಮೆಗೇ ನಾಗಾಲೋಟ.

"ಒಂದನೇ ಗೇರಿನಿಂದ ಸೀದಾ ನಾಕಕ್ಕ ಯಾವ ಡ್ರೈವರ್ ಹಾಕತಾನೋ?" ಎಂದು ಶಟ್ಟೆಪ್ಪ ಕೇಳಿದ.

"ಶಾಣ್ಯಾ ಡ್ರೈವರ್ ಹಾಕತಾನ," ಎಂದು ದಾವಲಸಾಬ ವರ್ಷಗಟ್ಟಲೆ ವಾದಿಸಿದ. ಕೊನೆಗೆ ಅಂಗಡಿಯವನೊಬ್ಬ ಚೀಟಿ ನೋಡಿ ನಕ್ಕ. ಒಂದು ಮಗ್ಗಲಿಗೆ ಒಂದು ಎಂಬ ಅಂಕಿ, ಇನ್ನೊಂದಕ್ಕೆ ನಾಲ್ಕು. ಇದು ಎರಡು ರಿಕಾರ್ಡುಗಳ ಜೋಡಿ. ಆಗಿನ ಕೆಲವು ಯಂತ್ರಗಳು ಒಂದರ ಮೇಲೊಂದು ರಿಕಾರ್ಡು ತಾವೇ ಬೀಳಿಸಿಕೊಂಡು ನುಡಿಸುತ್ತಿದ್ದವಂತೆ. ಅದಕ್ಕೇ ಒಂದು, ನಾಲ್ಕು ಒಂದರಲ್ಲಿ. ಎರಡು, ಮೂರು ಇನ್ನೊಂದರಲ್ಲಿ. ಅಲ್ಲಿಯವರೆಗೆ ಆ ಅಂಕಿಗಳು ಕಂಪನಿಯವರ ಏನೋ ಲೆಕ್ಕವೆಂದು ಇಬ್ಬರೂ ಸುಮ್ಮನಿದ್ದರು. ಅಲ್ಲಿಂದ ಶುರುವಾಯಿತು ಹುಡುಕಾಟ. ಶುರುವೂ ಗೊತ್ತು, ಮುಗಿಯುವುದೂ ಗೊತ್ತು, ನಡುವೆ ಏನಾಯಿತೆಂದು ಗೊತ್ತಿಲ್ಲ.

* * *

ಬೈಲಹೊಂಗಲದ ಮನೆಯ ಅಂಗಳದಲ್ಲಿ ಅತ್ತರು, ಕರ್ಪೂರದ ವಾಸನೆ. ದಾವಲಸಾಬನ ಮುಖ ನೋಡಿ ಶಟ್ಟೆಪ್ಪ ಅತ್ತ, ಮುಚ್ಚುಮರೆಯಿಲ್ಲದೆ ಅತ್ತ. ಮಗ ನಾಸಿರ ಬಂದು ತಬ್ಬಿಕೊಂಡಾಗ ಅಂಗಿಯೊಳಗಿನ ರಟ್ಟು ಚರಕ್ಕೆಂದಿತು.

"ಏನದು ಕಾಕಾ?"

"ಸಿಕ್ತಪ್ಪ. ನಡುವಿಂದು."

ನಾಸಿರನ ಮುಖ ಬಿಗಿಯಿತು. "ಇವತ್ತ ಆ ಸುದ್ದಿ ತಗೀಬ್ಯಾಡ್ರಿ. ಸಾವಾದ ಮನ್ಯಾಗ ಬಾಜಾ ಅಂದ್ರ ಮಂದಿ ಏನ ಅಂದಾರು? ನಲವತ್ತ ದಿನ ಆಗಲಿ."

"ಸಿಕ್ಕ ದಿನಾನ ಕೇಳಬೇಕು. ನಿಮ್ಮಪ್ಪನ ನೇಮ ಅದು."

"ನೇಮ ಮಾಡಿದಾವ್ರ ಇಲ್ಲಲ್ರಿ ಈಗ."

ಶಟ್ಟೆಪ್ಪ ಜನಾಜಾಕ್ಕೆ ಹೆಗಲು ಕೊಟ್ಟು ನಡೆದ. ಹಿಂದೆ ನೇಸರಗಿಯ ಸಿದ್ದರಾಮ, ಅವನೂ ಹಳೇ ಡ್ರೈವರ್, ಯಾರಿಗೋ ಹೇಳುತ್ತಿದ್ದ: "ಸಂತಿಗೆ ಹೊಂಟ ಮುದಕ್ಯಾರು ಕಂಡ್ರ ಬುಟ್ಟಿ ಸಮೇತ ಹತ್ತಿಸಿಕೊಳ್ಳಾಂವ ನೋಡ್ರಿ."

"ಹತ್ತಿಸಿಕೊಳ್ಳಾಂವ ಖರೆ. ಇಳಿಯೂತನಾ ಆ ಪಾನಾದ ಟಿಣಿಟಿಣಿ ಕೇಳಬೇಕಿತ್ತಲ್ರೀ," ಎಂದ ಜೊತೆಯಲ್ಲಿದ್ದವ.

ಯಾರೋ ನಕ್ಕು, ನಕ್ಕದ್ದಕ್ಕೆ ಬಾಯಿ ಮುಚ್ಚಿಕೊಂಡರು. ಕಬರಸ್ತಾನದಲ್ಲಿ ಎಲ್ಲರೊಂದಿಗೆ ಶಟ್ಟೆಪ್ಪನೂ ಬಾಗಿ ಮಣ್ಣು ಹಾಕಿದ. ಒಂದು ಕೈಯಲ್ಲಿ ಮಣ್ಣು, ಇನ್ನೊಂದು ಕೈ ಎದೆಯ ಮೇಲೆ. ಕಂಡವರು ದುಃಖವೆಂದುಕೊಂಡರು. ಅದೂ ಸುಳ್ಳಲ್ಲ.

* * *

ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನೆರೆಮನೆಯವರು ಬುತ್ತಿ ತಂದಿದ್ದರು. ಹೊತ್ತು ಇಳಿಯುತ್ತಿತ್ತು. ಒಳಕೋಣೆಯ ಪರದೆಯ ಆಚೆ ದಾವಲಸಾಬನ ಹೆಂಡತಿ ಶಾಹಜಾನಬಿ, ಗಂಡ ಸತ್ತವಳು ಪರಗಂಡಸರ ಮುಂದೆ ಬಾರದಿರುವ ಇದ್ದತ್ತಿಗೆ ಕುಳಿತಿದ್ದಳು. ಅಲ್ಲಿಂದ ದನಿ ಬಂತು.

"ಶಟ್ಟೆಪ್ಪಾ, ಮುಂಜಾನಿಂದ ಎದಿ ಹಿಡಕೊಂಡ ತಿರಗಾಕ ಹತ್ತೀಯಂತ. ಏನ ತಂದಿ?"

"ಎರಡು-ಮೂರು, ಭಾಬಿ."

"ಒಳಗ ಬಾ," ಅಂದಳು.

"ಅಮ್ಮಾ, ಇದ್ದತ್ತು," ಎಂದು ನಾಸಿರ ತಡೆದ.

"ಲಗ್ನ ಆದಾಗ ನನ್ನ ಲಾರ್ಯಾಗ ಕುಂದರಿಸಿ ಈ ಮನಿಗಿ ತಂದಾಂವ ಇಂವ. ಅಣ್ಣಗ ಯಾ ಪರದಾ?"

"ಮತ್ತ ಬಾಜಾ ಹಚ್ಚೂದು?"

"ಬಾಜಾ ಯಾರ ಹಚ್ಚತಾರೋ? ಸೌಂಡ್ ಬಂದ್ ಮಾಡಿ ಬರೇ ಮುಳ್ಳ ಇಡೂದು. ನೀ ಕೂಸಿದ್ದಾಗ ನಿದ್ದಿ ಮಾಡತಿರಲಿಲ್ಲ. ಲಾರಿ ಇಳದ ಬಂದ್ರ ನಿನ್ನ ತೊಡಿ ಮ್ಯಾಲ ಹಾಕ್ಕೊಂಡು, ನಿನಗ ಎಚ್ಚರ ಆಗಬಾರದಂತ ಕಿವಿ ರಿಕಾರ್ಡಿಗಿ ಹಚ್ಚಿ ಕೇಳತಿದ್ರು ನಿಮ್ಮಪ್ಪ. ಅವರ ಕುತಗಿ ಹಿಡಕೊಂಡ್ರೂ ಮ್ಯಾಲ ಏಳತಿರಲಿಲ್ಲ."

ನಾಸಿರ ಇದನ್ನು ಕೇಳಿರಲಿಲ್ಲ. ಬಾಗಿಲಲ್ಲೇ ನಿಂತ.

ಶಬನಮ್ ಪ್ಲೇಯರಿನ ಮೇಲಿನ ಬಟ್ಟೆ ತೆಗೆದು, ಸೌಂಡಿನ ಗುಂಡಿಯನ್ನು ಪೂರ್ತಿ ತಿರುವಿ ಬಂದ್ ಮಾಡಿದಳು. ಎರಡನೇ ಮಗ್ಗಲು ಮೇಲಾಗಿ ರಿಕಾರ್ಡು ತಿರುಗತೊಡಗಿತು. ಶಟ್ಟೆಪ್ಪ ಮೆಲ್ಲಗೆ ಮುಳ್ಳು ಇಳಿಸಿ ಕಿವಿ ತಗ್ಗಿಸಿದ. ಶಾಹಜಾನಬಿ ಸೆರಗು ತಾಗದಂತೆ ಕೈಯಲ್ಲಿ ಹಿಡಿದು ಬಾಗಿದಳು. ಶಬನಮಳೂ ಬಾಗಿದಾಗ ಮೂರು ತಲೆ ಒಂದಕ್ಕೊಂದು ತಾಗಿದವು. ಏನೂ ಕೇಳಲಿಲ್ಲ. ಮೇಲೆ ಹಳೇ ಫ್ಯಾನು ಕಟಕಟ ಅನ್ನುತ್ತಿತ್ತು.

ಫ್ಯಾನು ನಿಂತಿತು. ಶಟ್ಟೆಪ್ಪ ತಲೆಯೆತ್ತಿ ನೋಡಿದರೆ ನಾಸಿರನ ಕೈ ಸ್ವಿಚ್ಚಿನ ಮೇಲಿತ್ತು. ಅವನು ಬಂದು ತಾಯಿಯ ಪಕ್ಕ ಮೊಣಕಾಲೂರಿ, ಕಿವಿಯನ್ನು ರಿಕಾರ್ಡಿನ ಹತ್ತಿರ ತಂದ.

ಮುಳ್ಳಿನ ತುದಿಯಿಂದ ಸೊಳ್ಳೆಯಷ್ಟು ಸಣ್ಣಗೆ ಪಟ್ಟಿಗಳು ನುಡಿದವು. ಶಟ್ಟೆಪ್ಪನ ಎಡಗಾಲು ತಾನಾಗಿಯೇ ಕ್ಲಚ್ ಒತ್ತಿದ ಹಾಗೆ ನೆಲ ಒತ್ತಿತು. ಎಡಗೈ ಅಲ್ಲಿಲ್ಲದ ಗೇರನ್ನು ಮೆಲ್ಲಗೆ ಹಿಂದಕ್ಕೆಳೆದು ಒಂದರಿಂದ ಎರಡಕ್ಕೆ ಹಾಕಿತು.